ಫ್ರಿಜ್ಜು ಮಾತಾಡಲ್ಲ

ಜೂನ್ 14

ಪ್ರೀತಿಯ ಅಣ್ಣ,

ಮೊದಲೇ ಹೇಳಿಬಿಡುತ್ತೇನೆ, ಈ ಪತ್ರದ ತುಂಬ ಮಕ್ಕಳೇ ಇದ್ದಾರೆ. ನಿಮ್ಮ ಮನೆಯಲ್ಲಿ ಆ ವಿಷಯ ಎತ್ತಬಾರದೆಂದು ನನಗೆ ಗೊತ್ತಿಲ್ಲವೇ? ನೀವು ದತ್ತು ತೆಗೆದುಕೊಳ್ಳಲಿದ್ದ ಆ ಹುಡುಗನನ್ನು ಅವನ ಅಜ್ಜಿ ಬಂದು ವಾಪಸು ಕರೆದುಕೊಂಡು ಹೋದ ಮೇಲೆ ನೀನು ಒಂದೇ ಒಂದು ಮಗುವಿನ ಚಿತ್ರವನ್ನೂ ಬರೆದಿಲ್ಲ. ಅತ್ತಿಗೆ ಅವನಿದ್ದ ಕೋಣೆಯ ಬಾಗಿಲು ತೆಗೆದಿಲ್ಲ. ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುತ್ತಿದ್ದ ಮನುಷ್ಯ ಈಗ ಬೀಜದ ಪೊಟ್ಟಣದ ಮೇಲೆ ಬದನೆಕಾಯಿ ಬರೆಯುತ್ತಾ ಕೂತಿದ್ದೀಯ. ಎಲ್ಲ ಗೊತ್ತು. ಆದರೆ ನಾನೇನು ಮಾಡಲಿ ಹೇಳು, ನನ್ನ ಪಿಎಚ್‌ಡಿಯೇ ಮಕ್ಕಳ ಮೇಲೆ. ಬೆಳಗಿನಿಂದ ಸಂಜೆಯವರೆಗೆ ಮಕ್ಕಳನ್ನೇ ನೋಡಿ ಬಂದವಳು ನಿನಗೆ ಹವಾಮಾನದ ಬಗ್ಗೆ ಬರೆಯಲೇ? ಫೋನು ಮಾಡೋಣವೆಂದರೆ ನೀನು ಹೂಂ, ಊಹೂಂ ಬಿಟ್ಟು ಮೂರನೆಯ ಮಾತಾಡುವವನಲ್ಲ. ಓದಲಾಗದಿದ್ದರೆ ಮಡಚಿ ಇಟ್ಟುಬಿಡು. ನಾನೇನೂ ಅಂದುಕೊಳ್ಳುವುದಿಲ್ಲ.

ನನಗೆ ಸಿಕ್ಕಿರುವುದು ಒಂದು ಶಿಶುವಿಹಾರದ ದೊಡ್ಡ ಕೋಣೆ. ಕೆಂಪು ಚಾಪೆ, ಮೊಣಕಾಲೆತ್ತರದ ಮೇಜುಗಳು, ಗೋಡೆಯುದ್ದಕ್ಕೂ ನನ್ನ ಸೊಂಟದ ಮಟ್ಟಕ್ಕೆ ಕೊಕ್ಕೆಗಳ ಸಾಲು, ಅವುಗಳಿಗೆ ನೇತುಹಾಕಿದ ಪುಟ್ಟ ಪುಟ್ಟ ಬ್ಯಾಗುಗಳು. ಈ ಮಕ್ಕಳು ಮನೆಯಾಟ ಆಡುವಾಗ ಯಾರು ಯಾರಿಗೆ ಯಾವ ಪಾತ್ರ ಕೊಡುತ್ತಾರೆ, ಯಾರನ್ನು ಆಟಕ್ಕೆ ಸೇರಿಸಿಕೊಳ್ಳುತ್ತಾರೆ, ಯಾರನ್ನು ಬಿಡುತ್ತಾರೆ, ಇದೇ ನನ್ನ ಸಂಶೋಧನೆ. ನಗಬೇಡ. ನನ್ನ ಗೈಡ್ ಮೇಡಂ ಮೊದಲ ದಿನವೇ ಹೇಳಿಬಿಟ್ಟರು: "ನೀನು ಮೂಲೇಲಿ ಕೂತ್ಕೋಬೇಕು. ನಗಬಾರ್ದು, ಕರೀಬಾರ್ದು, ಕೇಳಿದ್ರೆ ಉತ್ತರ ಕೊಡಬಾರ್ದು. ಆ ಕೋಣೆಲಿರೋ ಒಂದು ಸಾಮಾನು ಅಂದ್ಕೋ." ನಾನು, ಅಣ್ಣ! ಅಮ್ಮ ನನ್ನ ಬಾಯಿಗೆ ಬೀಗ ಹಾಕಲು ಹದಿನೆಂಟು ವರ್ಷ ಹೆಣಗಿ ಸೋತಿದ್ದಳು.

ಅಲ್ಲಿ ಒಬ್ಬಳಿದ್ದಾಳೆ, ನಾಲ್ಕು ವರ್ಷದವಳು. ಚಟಾಕಿ ಅಂತ ಹೆಸರಿಟ್ಟುಕೊಂಡಿದ್ದೇನೆ. ನಿಜವಾದ ಹೆಸರನ್ನಾಗಲೀ ಗುರುತನ್ನಾಗಲೀ ಯಾರಿಗೂ ಬಿಟ್ಟುಕೊಡುವುದಿಲ್ಲವೆಂದು ಮಕ್ಕಳ ಅಪ್ಪ ಅಮ್ಮಂದಿರಿಗೆಲ್ಲ ಮಾತು ಕೊಟ್ಟಿದ್ದೇನೆ, ಅದಕ್ಕೇ ಅಡ್ಡಹೆಸರು. ಶೂಗಳನ್ನು ಬೇಕೆಂದೇ ಅದಲು ಬದಲು ಹಾಕಿಕೊಳ್ಳುತ್ತಾಳೆ. ಅಲ್ಲಿನ ಟೀಚರ್ ಕೇಳಿದರೆ, "ಅವಕ್ಕೂ ಬೇಜಾರಾಗಲ್ವಾ ಒಂದೇ ಕಡೆ ಇದ್ದು?" ಅಂತಾಳೆ. ನಾನು ಸಾಮಾನಲ್ಲವೇ, ನಗುವ ಹಾಗಿಲ್ಲ. ತುಟಿ ಕಚ್ಚಿಕೊಂಡು ಕೂತೆ.

ಅತ್ತಿಗೆಗೆ ಕೇಳಿದೆನೆಂದು ಹೇಳು. ಈ ಪತ್ರ ತೋರಿಸುವುದು ಬಿಡುವುದು ನಿನಗೆ ಬಿಟ್ಟಿದ್ದು.

ನಿನ್ನ ತಂಗಿ


ಜೂನ್ 29

ಡಾಕ್ಟರಮ್ಮನವರಿಗೆ,

ಇನ್ನೂ ಆಗಿಲ್ಲವೆಂದು ಗೊತ್ತು. ಈಗಲೇ ರೂಢಿಯಾಗಲಿ ಎಂದು ಕರೆದೆ.

ನಿನ್ನ ಪತ್ರವನ್ನು ಮಡಚಿ ಇಡಲಿಲ್ಲ. ನಿನ್ನ ಅತ್ತಿಗೆ ಔಷಧದಂಗಡಿಯಿಂದ ಬಂದು ಕೈಕಾಲು ತೊಳೆದುಕೊಂಡು, ಇನ್ನೂ ಒದ್ದೆ ಕೈಯಲ್ಲೇ ತೆಗೆದುಕೊಂಡು ಓದಿದಳು. ಆಮೇಲೆ ಇನ್ನೊಂದು ಸಲ ಓದಿದಳು. ಒಲೆಯ ಮೇಲೆ ಹಾಲು ಉಕ್ಕಿತು.

ನನ್ನ ಕಡೆ ವಿಶೇಷವೇನಿಲ್ಲ. ಬೀಜದ ಕಂಪನಿಯವನಿಗೆ ಟೊಮೆಟೊ ಇನ್ನೂ ಕೆಂಪಗಿರಬೇಕಂತೆ. "ಅಷ್ಟು ಕೆಂಪು ಟೊಮೆಟೊ ಯಾರ ಹೊಲದಲ್ಲೂ ಬಿಡಲ್ಲ ಸ್ವಾಮಿ" ಅಂದೆ. "ಹೊಲದಲ್ಲಿ ಬಿಡದಿದ್ರೆ ಪರವಾಗಿಲ್ಲ, ಪೊಟ್ಟಣದ ಮೇಲೆ ಬಿಡ್ಲಿ" ಅಂದ. ಬಿಡಿಸಿಕೊಟ್ಟೆ.

ಅದಿರಲಿ. ನಿನ್ನ ಆ ಚಟಾಕಿಗೆ ಸಿಟ್ಟು ಬಂದರೆ ಏನು ಮಾಡುತ್ತಾಳೆ? ಮನೆಯವರು ಕರೆದೊಯ್ಯಲು ತಡವಾಗಿ ಬಂದರೆ ಅಳುತ್ತಾಳೋ, ಸುಮ್ಮನಿರುತ್ತಾಳೋ? ಮಧ್ಯಾಹ್ನ ಮಲಗುತ್ತಾಳೋ? ಮಲಗಿದರೆ ದೀಪ ಇರಬೇಕೋ ಬೇಡವೋ? ಅಲ್ಲಿ ಕೈ ತೊಳೆಯುವ ನಲ್ಲಿ ನೆಲದಿಂದ ಎಷ್ಟು ಎತ್ತರಕ್ಕಿದೆ? ಹೊಸಬರು ಎದುರಿಗೆ ಬಂದರೆ ಮುಖ ನೋಡುತ್ತಾಳೋ, ಕಾಲು ನೋಡುತ್ತಾಳೋ?

ಸುಮ್ಮನೆ ಕೇಳಿದೆ. ಪೊಟ್ಟಣದ ಕೆಲಸ ಬೇಸರವಾಗಿದೆ, ಅಷ್ಟೇ.

ನಿನ್ನ ಅಣ್ಣ


ಜುಲೈ 9

ಅಣ್ಣ,

ಸುಮ್ಮನೆ ಕೇಳಿದೆಯಂತೆ! ನಲ್ಲಿಯ ಎತ್ತರವನ್ನು ಯಾರಾದರೂ ಸುಮ್ಮನೆ ಕೇಳುತ್ತಾರೆಯೇ? ನನಗೆ ಗೊತ್ತಾಯಿತು ಬಿಡು. ಪುಸ್ತಕ ಮಾಡುತ್ತಿದ್ದೀಯ. ಮತ್ತೆ ಮಕ್ಕಳ ಚಿತ್ರ ಬರೆಯಲು ಕೂತಿದ್ದೀಯ. ಹೇಳಬೇಡ, ಮುಗಿಯುವವರೆಗೆ ಬಾಯಿ ಬಿಡುವ ಜಾಯಮಾನ ನಿನ್ನದಲ್ಲ. ಆದರೆ ಆ ಪ್ರಶ್ನೆಗಳನ್ನು ಓದಿ ನಾನು ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ಅತ್ತೆ, ಗೊತ್ತಾ? ಪಕ್ಕದ ಕೋಣೆಯವಳು ಯಾರೋ ಹೋಗಿಬಿಟ್ಟರು ಅಂದುಕೊಂಡು ನೀರು ತಂದುಕೊಟ್ಟಳು. "ಇಲ್ಲ ಕಣೇ, ಯಾರೋ ವಾಪಸ್ ಬರ್ತಿದಾರೆ" ಅಂದೆ.

ಈಗ ಉತ್ತರ ಕೇಳು. ಸಿಟ್ಟು ಬಂದರೆ ಚಟಾಕಿ ಒಂದೇ ಒಂದು ಶೂ ಕೈಯಲ್ಲಿ ಹಿಡಿದುಕೊಂಡು ಮೇಜಿನ ಕೆಳಗೆ ಹೋಗಿ ಕೂರುತ್ತಾಳೆ. ಯಾರೂ ಎಳೆಯುವುದಿಲ್ಲ. ಅಲ್ಲಿನ ಆಯಾ ಒಂದು ಬಾಳೆಹಣ್ಣು ಅರ್ಧ ಸುಲಿದು ಮೇಜಿನ ಅಂಚಿಗಿಟ್ಟು, ತನಗೂ ಅದಕ್ಕೂ ಸಂಬಂಧವೇ ಇಲ್ಲವೆನ್ನುವ ಹಾಗೆ ಹೋಗಿಬಿಡುತ್ತಾಳೆ. ಸ್ವಲ್ಪ ಹೊತ್ತಿಗೆ ಒಂದು ಕೈ ಮೇಲೆ ಬರುತ್ತದೆ, ಹಣ್ಣು ಕೆಳಗೆ ಹೋಗುತ್ತದೆ. ಮಧ್ಯಾಹ್ನ ಮಲಗುತ್ತಾಳೆ, ಕಿಟಕಿ ಕಡೆ ಮುಖ ಮಾಡಿ. ಹೊಸಬರು ಬಂದರೆ ಮೊದಲು ಅವರ ಚಪ್ಪಲಿ ನೋಡುತ್ತಾಳೆ. ನಲ್ಲಿ ನನ್ನ ಮೊಣಕಾಲಿಗಿಂತ ತುಸು ಮೇಲೆ.

ಇನ್ನು ನನ್ನ ಸಮಾಚಾರ. ನನಗೆ ಬಡ್ತಿಯಾಗಿದೆ! ಮೊನ್ನೆ ಚಟಾಕಿ ನನ್ನ ಮುಂದೆ ಬಂದು ನಿಂತು, ಅಡಿಯಿಂದ ಮುಡಿಯವರೆಗೆ ನೋಡಿ, "ನೀನು ಫ್ರಿಜ್ಜು" ಅಂದಳು. ನನ್ನ ಎಡಗೈ ಹಿಡಿದು ಬಾಗಿಲಿನಂತೆ ಆಚೆ ತೆಗೆದಳು, ಒಳಗಿಂದ ಕಾಣದ ಹಾಲು ತೆಗೆದುಕೊಂಡಳು, ಕೈಯನ್ನು ವಾಪಸು ತಂದು "ಟಪ್" ಅಂತ ಮುಚ್ಚಿದಳು. ಆಮೇಲೆ ಆಟದ ಮನೆಯವರೆಲ್ಲ ಬಂದು ಬಾಗಿಲು ತೆಗೆದು ಹೋದರು. ಒಬ್ಬ ಹುಡುಗ ನನ್ನನ್ನು ಏನೋ ಕೇಳಲು ಬಂದರೆ ಚಟಾಕಿ ಗದರಿದಳು, "ಫ್ರಿಜ್ಜು ಮಾತಾಡಲ್ಲ ಕಣೋ, ಅಷ್ಟೂ ಗೊತ್ತಾಗಲ್ವಾ?" ಓಡಿಹೋಗಿ ಗೈಡ್ ಮೇಡಂಗೆ ಹೇಳಿದೆ. ಯಾವತ್ತೂ ನಗದವರು ನಕ್ಕರು. "ಮಕ್ಕಳ ಆಟಕ್ಕೆ ನಾವಾಗಿ ನಾವು ಹೋಗಕ್ಕಾಗಲ್ಲಮ್ಮ. ಅವರಾಗೇ ಒಂದು ಪಾತ್ರ ಕೊಡ್ಬೇಕು. ಏನ್ ಕೊಟ್ರೂ ತಗೋಬೇಕು. ನಿಂಗೆ ಸಿಕ್ತು" ಅಂದರು.

ಪುಸ್ತಕಕ್ಕೆ ಇನ್ನೇನು ಬೇಕು ಕೇಳು. ಫ್ರಿಜ್ಜಿನಲ್ಲಿ ಎಲ್ಲ ಇದೆ.

ತಂಗಿ


ಜುಲೈ 24

ಫ್ರಿಜ್ಜಮ್ಮನಿಗೆ,

ನೀನು ಹಾಗಂದುಕೊಂಡರೆ ಹಾಗೇ ಇರಲಿ. ನಾನು ಹೌದೆಂದೂ ಹೇಳಿಲ್ಲ, ಅಲ್ಲವೆಂದೂ ಹೇಳಿಲ್ಲ.

ಬಾಳೆಹಣ್ಣಿನ ಭಾಗವನ್ನು ಅತ್ತಿಗೆ ಬೇರೆಯಾಗಿ ಬರೆದಿಟ್ಟುಕೊಂಡಿದ್ದಾಳೆ. ಪೂರ್ತಿ ಸುಲಿಯಬೇಕೋ ಅರ್ಧವೋ ಅಂತ ನಮ್ಮಿಬ್ಬರಿಗೂ ಜಗಳವಾಗಿ ಮತ್ತೆ ಪತ್ರ ತೆಗೆದು ನೋಡಿದೆವು. ಅರ್ಧವೇ. ಅವಳೇ ಗೆದ್ದಳು.

ಮೇಲಿನ ಆ ಕೋಣೆಯ ಬಾಗಿಲು ತೆಗೆದು ಬಣ್ಣ ಹೊಡೆಸಿದೆವು. ಕಾಗದ ಇಡಲು ಜಾಗ ಸಾಲುತ್ತಿರಲಿಲ್ಲ. ನಾನು ಮೀಸೆ ತೆಗೆದೆ. ಮಕ್ಕಳು ಮೀಸೆಗೆ ಹೆದರುತ್ತಾರೆಂದು ಯಾರೋ ಹೇಳಿದರು, ನಿಜವೇ? ತೆಗೆದಾದ ಮೇಲೆ ಕೇಳುತ್ತಿದ್ದೇನೆ, ಇರಲಿ. ಅತ್ತಿಗೆ ಮೂರು ದಿನ ನನ್ನನ್ನು ನೋಡಿದಾಗಲೆಲ್ಲ ಬೆಚ್ಚಿಬಿದ್ದಳು.

ಇನ್ನೊಂದು ವಿಷಯ. ವರ್ಷದ ನಡುವೆ ಹೊಸ ಮಗು ಬಂದು ಸೇರಿದರೆ, ಮೊದಲ ದಿನ ಅದು ಎಲ್ಲಿ ಕೂರುತ್ತದೆ? ಯಾವಾಗ ಒಳಗೆ ಬರುತ್ತದೆ? ನಾವು ಕರೆದರೆ ಬರುತ್ತದೋ, ಕರೆಯದಿದ್ದರೆ ಬರುತ್ತದೋ?

ಜೊತೆಗೆ ಒಂದು ಹಾಳೆ ಇಟ್ಟಿದ್ದೇನೆ. ಕೈ ಇನ್ನೂ ಪೂರ್ತಿ ಬಗ್ಗುತ್ತಿಲ್ಲ, ಆದರೂ ನೋಡು.

ಅಣ್ಣ


ಆಗಸ್ಟ್ 3

ಅಣ್ಣ,

ಚಿತ್ರ ನೋಡಿದೆ. ಎಷ್ಟು ಚೆನ್ನಾಗಿದೆಯೆಂದರೆ ತಕ್ಷಣ ಮಡಚಿ ಪುಸ್ತಕದೊಳಗೆ ಬಚ್ಚಿಟ್ಟೆ. ಅದಲು ಬದಲು ಶೂ, ಮೇಜಿನ ಕೆಳಗೆ ಮಡಚಿ ಕೂತ ಕಾಲು, ಕಿಟಕಿಯ ಕಡೆ ತಿರುಗಿದ ಮುಖ. ನೀನು ಅವಳನ್ನು ಒಮ್ಮೆಯೂ ನೋಡಿಲ್ಲ, ಆದರೂ ಇದು ಅವಳೇ. ಅವಳ ಅಮ್ಮ ಇದನ್ನು ಅಂಗಡಿಯಲ್ಲಿ ಕಂಡರೆ ಒಂದೇ ನೋಟಕ್ಕೆ ಗುರುತು ಹಿಡಿಯುತ್ತಾಳೆ. ಆಮೇಲೆ ನನ್ನ ಮುಖ ನೋಡುತ್ತಾಳೆ. ನಾನು ಮಾತು ಕೊಟ್ಟಿದ್ದೇನೆ ಅಣ್ಣ, ಅವಳ ಎದುರು ಕೂತು, ಅವಳು ಕೊಟ್ಟ ಕಾಫಿ ಕುಡಿದು.

ತಪ್ಪು ನನ್ನದೇ. ನೀನು ಮತ್ತೆ ಬರೆಯುತ್ತೀಯೆಂಬ ಖುಷಿಯಲ್ಲಿ ಹಿಂದೆ ಮುಂದೆ ನೋಡದೆ ಎಲ್ಲ ಸುರಿದೆ. ಆದರೆ ನೀನಾದರೂ ಯೋಚಿಸಬೇಡವೇ? ಪುಸ್ತಕದ ಹಿಂದೆ ಹಾಕುವ ಫೋಟೋಗೆ ಮೀಸೆ ತೆಗೆದುಕೊಳ್ಳುವಷ್ಟು ಮುಂದೆ ಹೋಗಿದ್ದೀಯ, ನನ್ನನ್ನು ಒಂದು ಮಾತು ಕೇಳಬಾರದಿತ್ತೇ? ಬೇರೆಯವರ ಮಗು ಅದು. ನನಗೆ ನೋಡಲು ಕೊಟ್ಟಿದ್ದಾರೆ, ಹಂಚಲು ಕೊಟ್ಟಿಲ್ಲ.

ದಮ್ಮಯ್ಯ, ಇದನ್ನು ಅಚ್ಚಿಗೆ ಕೊಡಬೇಡ. ಇನ್ನು ಮೇಲೆ ಚಟಾಕಿಯ ಬಗ್ಗೆ ನಾನೇನೂ ಬರೆಯುವುದಿಲ್ಲ.

ತಂಗಿ


ಸೆಪ್ಟೆಂಬರ್ 10

ಅಣ್ಣ,

ಒಂದು ಸಾಲೂ ಇಲ್ಲ ನಿನ್ನಿಂದ. ಇಷ್ಟು ದಿನ ನೀನು ಸಿಟ್ಟಿನಲ್ಲಿ ಇದ್ದದ್ದು ನನಗೆ ನೆನಪಿಲ್ಲ, ನಿನ್ನ ಬಣ್ಣದ ಪೆಟ್ಟಿಗೆಯನ್ನು ನಾನು ಬಕೆಟ್ಟಿನಲ್ಲಿ ಮುಳುಗಿಸಿದಾಗಲೂ ಮಾರನೆಯ ದಿನ ಮಾತಾಡಿದ್ದೆ. ಕೊನೆಗೆ ಫೋನು ಮಾಡಿದೆ. ಅತ್ತಿಗೆ ಎತ್ತಿಕೊಂಡು ಪಿಸುಮಾತಿನಲ್ಲಿ "ಎಲ್ಲಾ ಚೆನ್ನಾಗಿದೀವಮ್ಮ, ಆಮೇಲೆ ಮಾತಾಡ್ತೀನಿ" ಅಂದು ಇಟ್ಟುಬಿಟ್ಟರು. ನಿಮ್ಮ ಮನೆಯಲ್ಲಿ ಪಿಸುಮಾತು ಯಾಕೆ? ಯಾರಿಗೆ ಹುಷಾರಿಲ್ಲ? ನಿನಗೇನಾದರೂ ಆಗಿದೆಯೇ?

ನಾನು ಬರೆದದ್ದರಲ್ಲಿ ಸುಳ್ಳಿರಲಿಲ್ಲ, ಆದರೆ ಬರೆದ ರೀತಿ ಒರಟಾಗಿತ್ತು. ಹೊಟ್ಟೆಗೆ ಹಾಕಿಕೋ. ನೀನು ಮತ್ತೆ ಮಕ್ಕಳನ್ನು ಬರೆಯಲು ಕೂತದ್ದೇ ದೊಡ್ಡದಿತ್ತು, ಅದನ್ನೇ ನಾನು ಕಿತ್ತುಕೊಂಡೆನೇನೋ ಎಂದು ಊಟ ಸೇರುತ್ತಿಲ್ಲ. ಬೈದಾದರೂ ಬರಿ.

ತಂಗಿ


ಸೆಪ್ಟೆಂಬರ್ 19

ತಂಗೀ,

ಯಾರಿಗೂ ಹುಷಾರು ತಪ್ಪಿಲ್ಲ. ಪಿಸುಮಾತು ಯಾಕೆಂದರೆ ಮನೆಯಲ್ಲಿ ಮಗು ಮಲಗಿತ್ತು.

ಹೌದು. ಮತ್ತೊಮ್ಮೆ ಓದಿಕೋ. ಒಬ್ಬಳು ಬಂದಿದ್ದಾಳೆ. ನಾಲ್ಕು ತುಂಬಿ ಐದಕ್ಕೆ ಬಿದ್ದಿದೆ. ನಿನಗೆ ಹೇಳದಿದ್ದದ್ದಕ್ಕೆ ಕಿವಿ ಹಿಂಡಿದರೂ ಸರಿಯೇ. ಕಳೆದ ಸಲ ಹುಡುಗ ಬಂದ ದಿನವೇ ಬೀದಿಗೆಲ್ಲ ಸಿಹಿ ಹಂಚಿದ್ದೆ. ಅವನು ಹೋದ ಮೇಲೆ ತಿಂದವರೆಲ್ಲ ಒಬ್ಬೊಬ್ಬರಾಗಿ ಬಂದು "ಮಗು ಎಲ್ಲಿ?" ಅಂತ ಕೇಳಿದರು. ಪ್ರತಿಯೊಬ್ಬರಿಗೂ ಹೇಳಿ ಹೇಳಿ ನಾನು ಸತ್ತೆ. ಈ ಸಲ ಅವಳು ನಿಂತ ಮೇಲೆ ಹೇಳೋಣ ಎಂದು ನಾನು, ಅತ್ತಿಗೆ ಮಾತಾಡಿಕೊಂಡಿದ್ದೆವು. ನಿನ್ನ ಪತ್ರಗಳನ್ನು ನಾವಿಬ್ಬರೂ ಪಾಠದ ಹಾಗೆ ಓದಿದ್ದು ಅದಕ್ಕೇ. ನಮ್ಮ ಮನೆಯ ನಲ್ಲಿಯೂ ಈಗ ನಿನ್ನ ಮೊಣಕಾಲಿಗಿಂತ ತುಸು ಮೇಲಿದೆ.

ಪುಸ್ತಕದ ವಿಷಯ. ಅದು ಅಚ್ಚಿಗಲ್ಲ ಕಣೇ. ಇದ್ದದ್ದು ಒಂದೇ ಪ್ರತಿ, ಓದುವವಳೂ ಒಬ್ಬಳೇ. ಮಗು ಬರುವ ಮೊದಲು ಮನೆಯ ಪರಿಚಯವಾಗಲಿ, ಚಿತ್ರ ಬರೆದು ಹೊಲಿದು ಕಳಿಸಿ ಎಂದು ದತ್ತು ಕೊಡುವ ಇಲಾಖೆಯ ಮೇಡಂ ಹೇಳಿದ್ದರು. ಇದು ನಮ್ಮ ಮೆಟ್ಟಿಲು, ಇದು ನಿನ್ನ ಹಾಸಿಗೆ, ಹೀಗೆ. ಮೊದಲೇ ಮುಖ ನೋಡಿ ಆರಿಸಬಾರದೆಂದು ಫೋಟೋ ಕೊಡುವುದಿಲ್ಲವಂತೆ, ಸರಿಯೇ. ಆದರೆ ಮೆಟ್ಟಿಲ ಮೇಲೆ, ಹಾಸಿಗೆಯ ಮೇಲೆ ಒಂದು ಹುಡುಗಿಯನ್ನು ಬರೆಯಬೇಕಲ್ಲ? ನನ್ನ ತಲೆಯಲ್ಲಿ ಇದ್ದವಳು ಒಬ್ಬಳೇ, ನಿನ್ನ ಚಟಾಕಿ. ಪುಟಪುಟಕ್ಕೂ ಅವಳನ್ನೇ ಕೂರಿಸಿದೆ. ನೀನು ಸಿಟ್ಟಾಗಿ ಬರೆಯುವ ಹೊತ್ತಿಗೆ ಪುಸ್ತಕ ಇವಳ ಕೈ ಸೇರಿ ಆಗಿತ್ತು. ಏನೆಂದು ಉತ್ತರ ಬರೆಯಲಿ? ನಿನಗೆ ಉತ್ತರಿಸಬೇಕಾದರೆ ಎಲ್ಲವನ್ನೂ ಹೇಳಬೇಕಿತ್ತು.

ಈಗ ಕೇಳು, ನಿನ್ನ ಸಿಟ್ಟಿಗಿಂತ ದೊಡ್ಡ ಶಿಕ್ಷೆ ಆಗಿದೆ. ಅವಳು ಬಂದದ್ದು ಮೇಡಂ ಜೊತೆ ಬಸ್ಸಿನಲ್ಲಿ, ಬೆನ್ನಿಗೊಂದು ಬ್ಯಾಗು, ಕೈಯಲ್ಲಿ ಆ ಪುಸ್ತಕ. ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳಲು ಒಂದು ಬೆಂಚಿದೆಯಲ್ಲ, ಅದರ ಮೇಲೆ ಕೂತಳು. ಶೂ ಬಿಚ್ಚಲಿಲ್ಲ, ಬ್ಯಾಗು ಇಳಿಸಲಿಲ್ಲ. ಇವತ್ತಿಗೂ ಹಾಗೇ. ಅಲ್ಲೇ ಉಣ್ಣುತ್ತಾಳೆ, ಬ್ಯಾಗು ಹಾಕಿಕೊಂಡೇ ನಿದ್ದೆ ಹೋಗುತ್ತಾಳೆ. ಕಣ್ಣು ಮುಚ್ಚಿದ ಮೇಲೆ ಅತ್ತಿಗೆ ಎತ್ತಿ ಮಲಗಿಸಿದರೆ, ಬೆಳಿಗ್ಗೆ ನಾವು ಏಳುವ ಮೊದಲೇ ಮತ್ತೆ ಬೆಂಚಿನ ಮೇಲೆ. ನಾವಿಬ್ಬರೇ ಇದ್ದಾಗ ಅವಳನ್ನು ಬ್ಯಾಗಮ್ಮ ಅನ್ನುತ್ತೇವೆ, ಅಂದು ನಗುತ್ತೇವೆ.

ಎರಡನೆಯ ದಿನ ಪುಸ್ತಕ ಬಿಡಿಸಿ ನನ್ನ ಮುಂದೆ ಹಿಡಿದು, "ಇದು ನಾನಲ್ಲ" ಅಂದಳು. "ಅದು... ಸುಮ್ನೆ ಒಂದು ಹುಡುಗಿ ಪುಟ್ಟಾ" ಅಂದೆ, ಬೆಪ್ಪನ ಹಾಗೆ. ಅವಳು ಹಾಸಿಗೆಯ ಪುಟ ತೆಗೆದಳು, ಅದರಲ್ಲಿ ಚಟಾಕಿ ಮಲಗಿದ್ದಾಳೆ. ಊಟದ ಪುಟ ತೆಗೆದಳು, ಚಟಾಕಿ ಉಣ್ಣುತ್ತಿದ್ದಾಳೆ. ಆಮೇಲೆ ಕೇಳಿದಳು: "ಇವಳು ಯಾವಾಗ ಬರ್ತಾಳೆ? ಇವಳು ಬಂದ್ಮೇಲೆ ನನ್ನ ಬಸ್ ಬರುತ್ತಾ?"

ಮತ್ತೆ ಮತ್ತೆ ಹೇಳಿದೆವು, ಅಂಥವಳು ಯಾರೂ ಬರುವುದಿಲ್ಲ, ಈ ಮನೆ ನಿನ್ನದೇ ಎಂದು. ಹೂಂ ಅನ್ನುತ್ತಾಳೆ. ಬ್ಯಾಗು ಇಳಿಸುವುದಿಲ್ಲ. ಈ ತಿಂಗಳು ಕಳೆದು ಮುಂದಿನ ತಿಂಗಳ ಕೊನೆಗೆ ಮೇಡಂ ಬಂದು ಅವಳೊಬ್ಬಳನ್ನೇ ಕೂರಿಸಿಕೊಂಡು ಕೇಳುತ್ತಾರೆ. ಇಲ್ಲಿ ಇರಲಾರೆ ಎಂದು ಕಂಡರೆ ಕರೆದುಕೊಂಡು ಹೋಗುತ್ತಾರೆ. ಇನ್ನೊಂದು ಸಲ ಆ ಕೋಣೆಯ ಬಾಗಿಲು ಮುಚ್ಚುವ ಶಕ್ತಿ ಅತ್ತಿಗೆಗೆ ಇಲ್ಲ. ನನಗಂತೂ ಇಲ್ಲವೇ ಇಲ್ಲ.

ನೀನು ಓದಿದವಳು. ಏನು ಮಾಡಲಿ ಹೇಳು.

ಅಣ್ಣ


ಸೆಪ್ಟೆಂಬರ್ 24

ಅಣ್ಣ, ಅತ್ತಿಗೆ, ಇಬ್ಬರಿಗೂ,

ಪತ್ರ ಓದಿ ಮೊದಲು ನಕ್ಕೆ, ಆಮೇಲೆ ಅತ್ತೆ, ಆಮೇಲೆ ನಿಮ್ಮಿಬ್ಬರಿಗೂ ಚೆನ್ನಾಗಿ ಬೈದೆ, ಆಮೇಲೆ ಮತ್ತೆ ಅತ್ತೆ. ಪಕ್ಕದ ಕೋಣೆಯವಳು ಈಗ ನೀರು ತರುವುದನ್ನೂ ಬಿಟ್ಟಿದ್ದಾಳೆ. ನಾನು ಅತ್ತೆಯಾದೆ! ನನಗೆ ಒಂದು ಮಾತು ಹೇಳದೆ ನನ್ನನ್ನು ಅತ್ತೆ ಮಾಡಿಬಿಟ್ಟಿರಿ. ಮತ್ತೆ ಆ ಮೀಸೆ! ಫೋಟೋಗೆ ಅಂದುಕೊಂಡಿದ್ದೆನಲ್ಲ ನಾನು, ನನ್ನ ಬುದ್ಧಿಗಿಷ್ಟು.

ಓದಿದವಳು ಅಂದೆ. ನಾನು ಓದಿದ್ದರಲ್ಲಿ ನಿನ್ನ ಹುಡುಗಿ ಇಲ್ಲ ಅಣ್ಣ. ನನಗೆ ಗೊತ್ತಿರುವುದು ಚಟಾಕಿ, ಅವಳ ಬಾಳೆಹಣ್ಣು, ಅವಳ ಮೇಜು. ಅದನ್ನೆಲ್ಲ ನಿನಗೆ ಕಟ್ಟಿ ಕಳಿಸಿದವಳು ನಾನು, ನೀನು ಅದನ್ನು ಚೊಕ್ಕವಾಗಿ ಬರೆದೆ, ಆ ಮಗು ಬಂದು ನೋಡಿದರೆ ತನ್ನ ಜಾಗದಲ್ಲಿ ಬೇರೆಯವಳು ಮಲಗಿದ್ದಾಳೆ. ಈಗ ಚಟಾಕಿಯನ್ನು ಮರೆತುಬಿಡು. ಅರ್ಧ ಸುಲಿದ ಹಣ್ಣನ್ನೂ ಮರೆತುಬಿಡು. ಇವಳಿಗೆ ಹಣ್ಣೇ ಸೇರದೇನೋ.

ಮಾತಲ್ಲಿ ಹೇಳಿದ್ದು ಸಾಕು. ಎಲ್ಲರೂ ಅವಳಿಗೆ ಹೇಳುತ್ತಲೇ ಬಂದಿದ್ದಾರೆ, ಪಾಪ, ಎಷ್ಟು ಮನೆ ಬಾಗಿಲಲ್ಲಿ ಏನೇನು ಕೇಳಿದ್ದಾಳೋ. ನನಗೆ ಬರುವುದು ಒಂದೇ ವಿದ್ಯೆ, ಅದನ್ನು ಕೊಡುತ್ತೇನೆ. ಆ ಬೆಂಚಿನ ಇನ್ನೊಂದು ತುದಿಯಲ್ಲಿ ಹೋಗಿ ಕೂರು. ದಿನವೂ. ಅವಳನ್ನು ನೋಡಬೇಡ, ಏನೂ ಕೇಳಬೇಡ, ಗುಟ್ಟಾಗಿ ಚಿತ್ರ ಬರೆದುಕೊಳ್ಳಬೇಡ. ಅವಳು ಮಾತಾಡಿಸಿದರೆ ಮಾತಾಡು, ನಾನು ಪಟ್ಟ ಪಾಡು ನಿನಗೆ ಬೇಡ. ಒಂದಲ್ಲ ಒಂದು ದಿನ ನಿನಗೊಂದು ಪಾತ್ರ ಕೊಡುತ್ತಾಳೆ. ಕಸದ ಬುಟ್ಟಿ ಆಗು ಅಂದರೆ ಆಗು. ನಿನಗೆ ಬೇಕಾದ ಪಾತ್ರ ಯಾವುದೆಂದು ನನಗೆ ಗೊತ್ತು, ಆದರೆ ಅದನ್ನು ಕೇಳಿ ಪಡೆಯಲಾಗುವುದಿಲ್ಲ.

ನನ್ನ ಶಿಶುವಿಹಾರದ ಕೋಣೆಯ ಕೆಲಸ ಮೊನ್ನೆ ಮುಗಿಯಿತು. ಕೊನೆಯ ದಿನ ಮೊದಲ ಬಾರಿಗೆ ಚಟಾಕಿಯ ಹತ್ತಿರ ಬಾಯಿ ಬಿಟ್ಟೆ, "ನಾಳೆಯಿಂದ ನಾನು ಬರಲ್ಲ" ಅಂತ. ಸುಮ್ಮನೆ ಮಾಯವಾಗಲು ಮನಸ್ಸಾಗಲಿಲ್ಲ, ಗೈಡ್ ಮೇಡಂಗೂ ಹೇಳಿದ್ದೇನೆ. ಚಟಾಕಿಗೆ ನಾನು ಮಾತಾಡಿದ್ದು ಆಶ್ಚರ್ಯವೇ ಆಗಲಿಲ್ಲ. "ರಿಪೇರಿಗೆ ಹೋಗ್ತಿದೀಯಾ?" ಅಂದಳು. ಹೂಂ ಅಂದೆ. ಕೊನೆಯ ಸಲ ನನ್ನ ಎಡಗೈ ತೆಗೆದು, ಒಳಗಿದ್ದದ್ದನ್ನೆಲ್ಲ ಹೊರಗೆ ಎತ್ತಿಟ್ಟಳು. ಕೆಟ್ಟುಹೋಗಬಾರದಂತೆ.

ಅಣ್ಣ, ಸುಮ್ಮನೆ ಕೂತುಕೊಳ್ಳುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು. ಆದರೂ ಕೂತುಕೋ.

ನಿಮ್ಮ ತಂಗಿ


ಅಕ್ಟೋಬರ್ 8

ತಂಗೀ,

ನಿನ್ನ ಸಂಶೋಧನೆಗಿಷ್ಟು ಬೆಂಕಿ ಹಾಕ. ಕೂತೂ ಕೂತೂ ಸೊಂಟ ಹಿಡಿದುಕೊಂಡಿದೆ. ಪೇಪರಿನವನು, ಹಾಲಿನವನು, ಪಕ್ಕದ ಮನೆಯ ಮೇಷ್ಟ್ರು, ಎಲ್ಲರಿಗೂ ಈಗ ಬಾಗಿಲು ತೆಗೆಯುವವನು ನಾನೇ. ಮೇಷ್ಟ್ರು "ಮನೆಯೊಳಗೆ ಸೇರಿಸ್ತಾ ಇಲ್ವಾ ನಿಮ್ಮನ್ನ?" ಅಂತ ಕೇಳಿ ಹೋದರು. ನನಗಿಂತ ಮೊದಲು ಅವಳೇ ಉತ್ತರ ಕೊಟ್ಟಳು, "ನಾವು ಇಲ್ಲೇ ಕೂರೋದು" ಅಂತ.

ನಾವು ಅಂದಳು. ಅಷ್ಟೇ. ಬ್ಯಾಗು ಇಳಿಸಿಲ್ಲ. ಹಣ್ಣು ಸೇರುವುದಿಲ್ಲ, ನೀನು ಹೇಳಿದ್ದು ಸರಿ. ಬ್ರೆಡ್ಡಿನ ಅಂಚು ಮಾತ್ರ ತಿಂದು ನಡುವಿನದನ್ನು ನನ್ನ ಕಡೆ ತಳ್ಳುತ್ತಾಳೆ, ನಾನು ತಿನ್ನುತ್ತೇನೆ. ಇದು ಆಟವೋ ಊಟವೋ ಗೊತ್ತಿಲ್ಲ. ಅತ್ತಿಗೆ ಅಡುಗೆಮನೆಯ ಬಾಗಿಲಿನಿಂದ ನೋಡಿ ನೋಡಿ ಒಳಗೆ ಹೋಗುತ್ತಾಳೆ. ಹೆದರಿಕೆಯಾಗುತ್ತಿದೆ ಕಣೇ. ತಿಂಗಳು ಓಡುತ್ತಿದೆ.

ಅಣ್ಣ


ಅಕ್ಟೋಬರ್ 20

ನನ್ನ ತಂಗೀ,

ನಿನ್ನೆ ಸಂಜೆ ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ, ನಿನ್ನ ಗೈಡ್ ಮೇಡಂ ಮೆಚ್ಚುವ ಹಾಗೆ.

ಬೆಂಚಿನ ಮೇಲಿದ್ದೆವು. ಹೊರಗೆ ಎಲ್ಲೋ ಒಂದು ಬಸ್ಸು ನಿಂತು ಹೊರಟ ಸದ್ದಾಯಿತು. ಅವಳು ಎದ್ದು ಕಿಟಕಿಯಲ್ಲಿ ನೋಡಿದಳು, ಬಂದು ನನ್ನ ಮುಂದೆ ನಿಂತಳು. ಚಪ್ಪಲಿಯಿಂದ ತಲೆಯವರೆಗೂ ನೋಡಿದಳು.

"ಟಿಕೆಟ್ ತಗೊಂಡ್ರಾ?" ಅಂದಳು.

"ಇಲ್ಲ" ಅಂದೆ.

"ಟಿಕೆಟ್ ಇಲ್ದೆ ಇಷ್ಟು ದಿನದಿಂದ ಕೂತಿದೀರಾ? ಎಲ್ಲಿಗೆ?"

ಬಾಯಿಗೆ ಬಂದದ್ದು ಬೇರೆ. ಆದರೆ ನೀನು ಹೇಳಿದ್ದು ನೆನಪಾಯಿತು, ಬೇಕಾದ ಪಾತ್ರವನ್ನು ಕೇಳಿ ಪಡೆಯಲಾಗದು. ಪ್ರಯಾಣಿಕ ಏನು ಹೇಳುತ್ತಾನೋ ಅದನ್ನೇ ಹೇಳಿದೆ. "ಕೊನೇ ಸ್ಟಾಪಿಗೆ ಒಂದು ಕೊಡಿ."

ಟಿಕೆಟ್ಟಿಗೆ ಕಾಗದ ಬೇಕಲ್ಲ. ನನ್ನ ಆ ಪುಸ್ತಕ ತಂದಳು. ಮೆಟ್ಟಿಲಿನ ಪುಟ, ಹಾಸಿಗೆಯ ಪುಟ, ಊಟದ ಪುಟ. ನಾನು ಒಂದೊಂದು ಎಲೆಗೂ ಮೂರು ಬಣ್ಣ ಬೆರೆಸಿ ಬರೆದದ್ದು. ನನ್ನ ಕಣ್ಣೆದುರೇ ಪರಪರ ಹರಿದು ಟಿಕೆಟ್ಟು ಮಾಡಿದಳು. ಆದರೆ ಒಂದು ಗಮನಿಸು, ಕೊನೆಯ ಪುಟದ ಹುಡುಗಿಯನ್ನು ಹರಿಯಲಿಲ್ಲ. ಅವಳನ್ನು ಸುತ್ತಲೂ ನಿಧಾನವಾಗಿ, ನಾಲಿಗೆ ಹೊರಗೆ ಹಾಕಿಕೊಂಡು ಕಾಗದದಿಂದ ಬಿಡಿಸಿದಳು. ಬಿಡಿಸಿ ನಮ್ಮಿಬ್ಬರ ನಡುವೆ ಬೆಂಚಿನ ಮೇಲೆ ಕೂರಿಸಿದಳು. ಅವಳಿಗೂ ಒಂದು ಟಿಕೆಟ್ಟು.

ಬಸ್ಸು ಹೊರಟಿತು. ಅತ್ತಿಗೆ ಕೈಯಲ್ಲಿ ಸೌಟು ಹಿಡಿದು ಬಂದವಳು ಅಲ್ಲೇ ನಿಂತಳು. ಕಂಡಕ್ಟರ್ ಗದರಿದಳು, "ಒಳಗ್ ಹೋಗಿ, ಒಳಗ್ ಹೋಗಿ, ಬಾಗಿಲಲ್ಲಿ ನಿಲ್ಬೇಡಿ." ಅತ್ತಿಗೆ ಬಂದು ನನಗೆ ಒತ್ತಿ ಕೂತಳು. ನಾವು ಯಾವ ಯಾವ ಊರು ದಾಟಿದೆವೋ. ಒಂದು ಕಡೆ ಟೈರು ಪಂಕ್ಚರ್ ಆಯಿತು. ಒಂದು ಕಡೆ ಆನೆ ಅಡ್ಡ ಬಂತು. ಒಲೆಯ ಮೇಲಿದ್ದದ್ದು ಸೀದ ವಾಸನೆ ಬಂದರೂ ಅತ್ತಿಗೆ ಏಳಲಿಲ್ಲ, ಓಡುವ ಬಸ್ಸಿನಿಂದ ಇಳಿಯುವುದು ಹೇಗೆ?

ಆಮೇಲೆ ಅವಳು ಶಿಳ್ಳೆ ಹೊಡೆದು ಬಸ್ಸು ನಿಲ್ಲಿಸಿದಳು. ಕಾಗದದ ಹುಡುಗಿಯನ್ನು ಎತ್ತಿಕೊಂಡು ಹೇಳಿದಳು, "ನಿನ್ನ ಸ್ಟಾಪ್ ಬಂತು, ಇಳಿ. ನಿಮ್ಮಮ್ಮ ಕಾಯ್ತಿದಾಳೆ ನೋಡು." ಕಿಟಕಿಯ ಹತ್ತಿರ ಹೋಗಿ, ಹೂವಿನ ಕುಂಡಕ್ಕೆ ಒರಗಿಸಿ ನಿಲ್ಲಿಸಿ, ಬೀಳದ ಹಾಗೆ ಒಂದು ಕಲ್ಲು ಇಟ್ಟು ಬಂದಳು. ನೀನು ಮಾತು ಕೊಟ್ಟಿದ್ದೆಯಲ್ಲ, ಚಟಾಕಿ ಅವರಮ್ಮನ ಹತ್ತಿರ ಹೋದಳು ಕಣೇ. ಯಾರೂ ನೋಡಿಲ್ಲ.

ಬಸ್ಸು ಇನ್ನು ಸ್ವಲ್ಪವೇ ದೂರ ಹೋಯಿತು. ಅವಳು ನಡುಮನೆಯ ಕಡೆ ನೋಡಿದಳು, ಮೆಟ್ಟಿಲ ಕಡೆ ನೋಡಿದಳು, ನಮ್ಮಿಬ್ಬರನ್ನು ನೋಡಿದಳು. ಶಿಳ್ಳೆ ಹೊಡೆದಳು.

"ಕೊನೇ ಸ್ಟಾಪು. ಎಲ್ಲಾರೂ ಇಳೀರಿ. ಬಸ್ಸು ಮುಂದಕ್ಕೆ ಹೋಗಲ್ಲ."

ನಾವು ಏಳಲಿಲ್ಲ. ಅವಳು ಸೊಂಟದ ಮೇಲೆ ಕೈಯಿಟ್ಟುಕೊಂಡು "ಇಳೀರಿ ಅಂದ್ರೆ!" ಅಂದಳು. ಇಳಿದೆವು. ಅವಳು ಕೊನೆಯವಳಾಗಿ ಇಳಿದಳು, ಬೆಂಚಿನ ಮೇಲೆ ಕೂತು ಶೂ ಬಿಚ್ಚಿದಳು. ಆಮೇಲೆ ಬ್ಯಾಗಿನ ಪಟ್ಟಿಯಿಂದ ಒಂದು ತೋಳು ತೆಗೆದಳು, ಇನ್ನೊಂದು ಸಿಕ್ಕಿಕೊಂಡಿತು. ತಿರುಗಿ ನನಗೆ ಬೆನ್ನು ಕೊಟ್ಟು ನಿಂತಳು. "ಇದನ್ನ ತೆಗೀರಿ" ಅಂದಳು. ತೆಗೆದೆ.

ಭಾರ ಇತ್ತು ಕಣೇ ಅದು, ಅಷ್ಟು ಪುಟ್ಟ ಬೆನ್ನಿಗೆ. ಕೊಕ್ಕೆಗೆ ನೇತುಹಾಕಿದ್ದೇವೆ, ಅವಳ ಕೈಗೆ ಎಟುಕುವಷ್ಟು ಎತ್ತರದಲ್ಲಿ. ಸೀದದ್ದನ್ನು ಮೂವರೂ ಒಳಗೆ ಕೂತು ಉಂಡೆವು. ಮುಂದಿನ ವಾರ ಮೇಡಂ ಬರುತ್ತಾರೆ. ಬರಲಿ, ಕೇಳಲಿ.

ಬ್ಯಾಗಿನೊಳಗೆ ಏನಿದೆ ಎಂದು ನಾವು ನೋಡಿಲ್ಲ. ಅವಳು ತೋರಿಸಿದಾಗ ನೋಡುತ್ತೇವೆ.

ನಿನ್ನ ಅಣ್ಣ